ರಜೆಗೆ ವಿದೇಶದ ಥೀಮ್ ಪಾರ್ಕ್: ಕಲಬುರಗಿ, ಬೀದರ್, ಯಾದಗಿರಿಯಿಂದ ಹೊರಡುವ ಕುಟುಂಬಗಳಿಗೆ ಮಾರ್ಗದರ್ಶಿ

"ಮೇ ತಿಂಗಳದಾಗ ಮಕ್ಕಳನ್ನ ಸಿಂಗಾಪುರದ ಡಿಸ್ನಿಲ್ಯಾಂಡಿಗೆ ಕರಕೊಂಡು ಹೋಗಬೇಕಂತೀವಿ, ಎಷ್ಟು ಖರ್ಚು ಬರ್ತದ?" ಸಂಕ್ರಾಂತಿ ಮುಗಿದು ತೊಗರಿ ಮಾರಿದ ದುಡ್ಡು ಕೈಗೆ ಬರುವ ಹೊತ್ತಿಗೆ ಈ ಪ್ರಶ್ನೆ ಶುರುವಾಗುತ್ತದೆ. ಬೇರೆ ಬೇರೆಯವರು ಕೇಳುತ್ತಾರೆ, ಪ್ರಶ್ನೆ ಮಾತ್ರ ಒಂದೇ. ಅದಕ್ಕೇ ಉತ್ತರವನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲ ಮಾತು, ಸಿಂಗಾಪುರದಲ್ಲಿ ಡಿಸ್ನಿಲ್ಯಾಂಡ್ ಇಲ್ಲ. ಅಲ್ಲಿರುವುದು ಯೂನಿವರ್ಸಲ್ ಸ್ಟುಡಿಯೋಸ್ ಎಂಬ ಬೇರೆ ಥೀಮ್ ಪಾರ್ಕ್. ಡಿಸ್ನಿಯ ಪಾರ್ಕುಗಳಿರುವುದು ಅಮೆರಿಕದ ಕ್ಯಾಲಿಫೋರ್ನಿಯಾ ಮತ್ತು ಫ್ಲಾರಿಡಾ, ಟೋಕಿಯೋ, ಪ್ಯಾರಿಸ್, ಹಾಂಗ್‌ಕಾಂಗ್, ಶಾಂಘೈ, ಈ ಆರು ಕಡೆ. ಅಬುಧಾಬಿಯಲ್ಲಿ ಒಂದು ಬರುತ್ತದೆ ಎಂದು 2025ರ ಮೇ ತಿಂಗಳಲ್ಲಿ ಘೋಷಣೆಯಾಗಿದೆ. ಅದನ್ನು ಕಟ್ಟಿ ಮುಗಿಸಲು ವರ್ಷಗಳೇ ಬೇಕು.

ಎರಡನೇ ಮಾತು, ಖರ್ಚಿನ ಲೆಕ್ಕ ಆಮೇಲೆ ಹಾಕೋಣ. ಮೊದಲು ಮನೆಮಂದಿಯ ಪಾಸ್‌ಪೋರ್ಟ್ ಎಲ್ಲವನ್ನೂ ಹೊರಗೆ ತೆಗೆಯಿರಿ. ಆಮೇಲೆ ಮನೆಯ ಚಿಕ್ಕ ಮಗುವನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆಯಿರಿ. ಯಾವ ದೇಶ, ಯಾವ ಪಾರ್ಕ್ ಅನ್ನುವುದನ್ನು ಇವೆರಡೇ ತೀರ್ಮಾನಿಸುತ್ತವೆ. ನಮ್ಮ ಕಡೆಯವರ ಪ್ರವಾಸ ಕೆಡುವುದು ದುಡ್ಡು ಸಾಲದೆ ಅಲ್ಲ. ಹೆಸರಿನ ಒಂದು ಅಕ್ಷರ ತಪ್ಪಾಗಿ, ಇಲ್ಲವೇ ಎರಡು ಸೆಂಟಿಮೀಟರ್ ಎತ್ತರ ಸಾಲದೆ ಕೆಟ್ಟದ್ದೇ ಜಾಸ್ತಿ.

1. ರಜೆಯ ದಿನ ಗೊತ್ತು ಮಾಡಿ

ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯ ತನಕ ಬೇಸಿಗೆ ರಜೆ. ಸಿಬಿಎಸ್‌ಇ ಶಾಲೆಗಳ ಲೆಕ್ಕ ಬೇರೆ. ಏಪ್ರಿಲ್‌ನಲ್ಲಿ ಹೊಸ ತರಗತಿ ಶುರು ಮಾಡಿ, ಆಮೇಲೆ ರಜೆ ಕೊಡುವ ಶಾಲೆಗಳು ಬಹಳ. ಮನೆಯಲ್ಲಿ ಇಬ್ಬರು ಮಕ್ಕಳು ಎರಡು ಬೇರೆ ಶಾಲೆಯಲ್ಲಿದ್ದರೆ, ಇಬ್ಬರ ಶಾಲೆಯ ಕ್ಯಾಲೆಂಡರನ್ನೂ ಒಟ್ಟಿಗೆ ಇಟ್ಟು ನೋಡಿ.

ಇನ್ನು ಅಲ್ಲಿನವರ ರಜೆ. ಇದನ್ನು ಬಹಳ ಮಂದಿ ನೋಡುವುದೇ ಇಲ್ಲ. ನಮ್ಮ ಮಕ್ಕಳಿಗೆ ರಜೆ ಇದ್ದು, ಅಲ್ಲಿನ ಮಕ್ಕಳಿಗೆ ಶಾಲೆ ಇರುವ ದಿನಗಳೇ ಬಂಗಾರದಂಥ ದಿನಗಳು. ಸಿಂಗಾಪುರದ ಶಾಲೆಗಳಿಗೆ ದೊಡ್ಡ ರಜೆ ಜೂನ್ ಮತ್ತು ನವೆಂಬರ್–ಡಿಸೆಂಬರ್‌ನಲ್ಲಿ. ಹಾಗಾಗಿ ಏಪ್ರಿಲ್ ಕೊನೆ, ಮೇ ಮೊದಲರ್ಧದ ವಾರದ ನಡುವಿನ ದಿನಗಳಲ್ಲಿ ಅಲ್ಲಿ ಸಾಲು ಕಡಿಮೆ. ಮೇ 1 ಕಾರ್ಮಿಕರ ದಿನ, ಅದೊಂದು ದಿನ ಬಿಡಿ. ಜಪಾನಿನಲ್ಲಿ ಏಪ್ರಿಲ್ 29ರಿಂದ ಮೇ 5ರವರೆಗೆ 'ಗೋಲ್ಡನ್ ವೀಕ್', ಅಂದರೆ ಹಲವು ಸರ್ಕಾರಿ ರಜೆಗಳು ಒಟ್ಟಿಗೆ ಬರುವ ವಾರ. ಆಗ ಟೋಕಿಯೋ, ಒಸಾಕಾ ಪಾರ್ಕುಗಳ ಕಡೆ ಹೋಗಲೇಬೇಡಿ.

ದಸರಾ ರಜೆಗೆ ಹೋಗುವವರು ಇನ್ನೂ ಹುಷಾರಾಗಿರಬೇಕು. ಅಕ್ಟೋಬರ್ 1 ಚೀನಾದ ರಾಷ್ಟ್ರೀಯ ದಿನ. ಅಲ್ಲಿಂದ ಒಂದು ವಾರ ಅವರಿಗೆ ರಜೆ. ಚೀನಾದ ಒಳನಾಡಿನ ಜನ ಆ ವಾರ ಹಾಂಗ್‌ಕಾಂಗಿಗೆ ಬಹಳ ಬರುತ್ತಾರೆ. ನಮ್ಮ ದಸರಾ ರಜೆ ಎಷ್ಟೋ ವರ್ಷ ಸರಿಯಾಗಿ ಅದೇ ವಾರ ಬೀಳುತ್ತದೆ. ಹಾಂಗ್‌ಕಾಂಗ್ ಡಿಸ್ನಿಲ್ಯಾಂಡ್ ನಿಮ್ಮ ಮನಸ್ಸಿನಲ್ಲಿದ್ದರೆ ಅಕ್ಟೋಬರ್ 8ರ ನಂತರದ ದಿನ ನೋಡಿ.

ದುಬೈ, ಅಬುಧಾಬಿಗೆ ಮೇ ತಿಂಗಳು ಬಿಸಿಲ ಕಾಲ. "ನಮಗೇನು, ಕಲಬುರಗಿ ಬಿಸಿಲು ಕಂಡವರು" ಅನ್ನಬೇಡಿ. ನಮ್ಮದು ಒಣ ಬಿಸಿಲು, ನೆರಳಿಗೆ ಹೋದರೆ ಜೀವ ತಣ್ಣಗಾಗುತ್ತದೆ. ಅಲ್ಲಿಯದು ಸಮುದ್ರದ ಬದಿಯ ಸೆಕೆ, ನೆರಳಲ್ಲೂ ಬೆವರು ನಿಲ್ಲುವುದಿಲ್ಲ. ಬೇಸಿಗೆಯಲ್ಲೇ ಹೋಗಬೇಕೆಂದರೆ ಛಾವಣಿಯೊಳಗಿನ ಎಸಿ ಪಾರ್ಕುಗಳನ್ನೇ ಆರಿಸಿ. ಅಬುಧಾಬಿಯ ಯಾಸ್ ದ್ವೀಪದಲ್ಲಿರುವ ವಾರ್ನರ್ ಬ್ರದರ್ಸ್ ವರ್ಲ್ಡ್, ಸೀವರ್ಲ್ಡ್, ದುಬೈಯ ಐಎಂಜಿ ವರ್ಲ್ಡ್ಸ್ ಇಂಥವು.

2. ಕಾಗದಪತ್ರ: ಇಲ್ಲಿಯೇ ಜಾಸ್ತಿ ಹೊತ್ತು ಹಿಡಿಯುತ್ತದೆ

ಏಪ್ರಿಲ್‌ಗೆ ಹೊರಡುವುದಿದ್ದರೆ ದೀಪಾವಳಿಯೊಳಗೆ ಪಾಸ್‌ಪೋರ್ಟಿನ ಅರ್ಜಿ ಹಾಕಿಬಿಡಿ. ಕಲಬುರಗಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ಬೆಂಗಳೂರಿಗೆ ಓಡಬೇಕಿಲ್ಲ. 36 ಪುಟದ ಹೊಸ ಪಾಸ್‌ಪೋರ್ಟಿಗೆ ದೊಡ್ಡವರಿಗೆ 1,500 ರೂಪಾಯಿ, 18ರೊಳಗಿನ ಮಕ್ಕಳಿಗೆ 1,000 ರೂಪಾಯಿ. ಮಗುವಿಗೆ 8 ತುಂಬಿರದಿದ್ದರೆ ಇದರಲ್ಲಿ 10% ಕಡಿತವೂ ಇದೆ. ತತ್ಕಾಲ್ ಅಂದರೆ ಬೇಗ ಮಾಡಿಕೊಡುವ ಸೇವೆ, ಅದಕ್ಕೆ ಇನ್ನೂ 2,000 ರೂಪಾಯಿ. ಸರ್ಕಾರದ ಅಧಿಕೃತ ತಾಣದಲ್ಲೇ ಅರ್ಜಿ ತುಂಬಿ. ಅದರಂತೆಯೇ ಕಾಣುವ ಖಾಸಗಿ ತಾಣಗಳು ಸುಮ್ನೆ ಹೆಚ್ಚಿನ ದುಡ್ಡು ಕೀಳುತ್ತವೆ.

ಮಕ್ಕಳ ಅರ್ಜಿಗೆ 'ಅನುಬಂಧ ಡಿ' ಎಂಬ ಘೋಷಣಾ ಪತ್ರ ಬೇಕು. ಮಗುವಿಗೆ ಪಾಸ್‌ಪೋರ್ಟ್ ಕೊಡಲು ನಮ್ಮ ಒಪ್ಪಿಗೆ ಇದೆ ಎಂದು ತಂದೆ ತಾಯಿ ಇಬ್ಬರೂ ಸಹಿ ಹಾಕುವ ಕಾಗದ ಅದು. ಯಜಮಾನರು ಪುಣೆಯಲ್ಲೋ ಬೆಂಗಳೂರಲ್ಲೋ ನೌಕರಿಯಲ್ಲಿದ್ದರೆ ಅವರ ಸಹಿ ಮೊದಲೇ ಹಾಕಿಸಿಟ್ಟುಕೊಳ್ಳಿ. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಗುವಿಗೆ ಹುಟ್ಟಿದ ದಿನಾಂಕದ ದಾಖಲೆಯಾಗಿ ಜನನ ಪ್ರಮಾಣಪತ್ರವೇ ಬೇಕು, ಬೇರೆ ದಾಖಲೆ ನಡೆಯುವುದಿಲ್ಲ.

ಈಗ ಹೆಸರಿನ ವಿಷಯ. ದಯವಿಟ್ಟು ಇದನ್ನು ನಿಧಾನವಾಗಿ ಓದಿ.

ನಮ್ಮ ಕಡೆ ಒಬ್ಬರ ಹೆಸರು ಆಧಾರ್‌ನಲ್ಲಿ ಒಂದು ಥರ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನ್ನೊಂದು ಥರ, ಬ್ಯಾಂಕಿನಲ್ಲಿ ಮತ್ತೊಂದು ಥರ. ಒಂದರಲ್ಲಿ ಪಾಟೀಲ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಒಂದರಲ್ಲಿ ಅಪ್ಪನ ಹೆಸರು ಪೂರ್ತಿ, ಇನ್ನೊಂದರಲ್ಲಿ ಬರೀ ಮೊದಲಕ್ಷರ. ಮಗುವಿನ ಜನನ ಪತ್ರದಲ್ಲಿ ತೊಟ್ಟಿಲಲ್ಲಿ ಕರೆದ ಹೆಸರಿದ್ದು, ಶಾಲೆಯಲ್ಲಿ ಬೇರೆ ಹೆಸರಿರುವುದೂ ಉಂಟು. ಎಲ್ಲವನ್ನೂ ಮೇಜಿನ ಮೇಲೆ ಹರಡಿ, ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹೋಲಿಸಿ. ತಿದ್ದುಪಡಿ ಬೇಕಿದ್ದರೆ ಬೇಸಿಗೆಗೆ ಮುಂಚೆಯೇ ಮಾಡಿಸಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ವಿಭಾಗದ ರಾಜ್ಯ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ತನಕ ಮಾತ್ರ ಅಲ್ವಾ? ಹಳ್ಳಿಯಿಂದ ಬಂದು ಮುಟ್ಟುವಷ್ಟರಲ್ಲಿ ಹೊತ್ತು ಮುಗಿದಿರುತ್ತದೆ.

ಪಾಸ್‌ಪೋರ್ಟ್ ಅರ್ಜಿಯಲ್ಲಿ ಹೆಸರಿಗೆ ಎರಡು ಅಂಕಣ ಇರುತ್ತವೆ. ಒಂದು ಸ್ವಂತ ಹೆಸರು, ಇನ್ನೊಂದು ಮನೆತನದ ಹೆಸರು. ಮನೆತನದ್ದು ಖಾಲಿ ಬಿಟ್ಟರೆ ಮುಂದೆ ತೊಂದರೆ. 2022ರ ನವೆಂಬರ್‌ನಲ್ಲಿ ಯುಎಇ, ಅಂದರೆ ದುಬೈ, ಅಬುಧಾಬಿ ಇರುವ ದೇಶ, ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದವರಿಗೆ ಪ್ರವಾಸಿ ವೀಸಾ ಇಲ್ಲ ಎಂದಿತು. ಆಮೇಲೆ ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ನಡೆಯುತ್ತದೆ ಎಂದು ಸಡಿಲಿಸಿತು. ಮುತ್ಯಾ, ಅಜ್ಜಿಯ ಪಾಸ್‌ಪೋರ್ಟುಗಳಲ್ಲಿ ಒಂದೇ ಹೆಸರಿರುವುದು ಬಹಳ. ಅದನ್ನು ಮೊದಲೇ ನೋಡಿಕೊಳ್ಳಿ.

ಇನ್ನೂ ಮೂರು ಮಾತು ಬೇಗ ಹೇಳಿಬಿಡುತ್ತೇನೆ. ಹೆಚ್ಚಿನ ದೇಶಗಳಿಗೆ ನೀವು ಹೋದ ದಿನದಿಂದ ಇನ್ನೂ 6 ತಿಂಗಳು ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು. ಮಕ್ಕಳ ಪಾಸ್‌ಪೋರ್ಟಿಗೆ ಆಯುಷ್ಯ 5 ವರ್ಷ, ಇಲ್ಲವೇ 18 ತುಂಬುವ ತನಕ, ಯಾವುದು ಮೊದಲೋ ಅದು. ಹಾಗಾಗಿ ಒಮ್ಮೆ ಮಾಡಿಸಿದ್ದೇವೆ ಎಂದು ನಿಶ್ಚಿಂತೆಯಿಂದ ಕೂರಬೇಡಿ. ಇನ್ನು 'ಇಸಿಆರ್' ಎಂಬ ಗುರುತು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಇದು ಬರಬಹುದು. ಕೆಲಸಕ್ಕೆಂದು ಕೆಲವು ದೇಶಗಳಿಗೆ ಹೋಗುವವರಿಗೆ ಸರ್ಕಾರದ ಪರವಾನಗಿ ಬೇಕು ಎಂಬುದು ಅದರ ಅರ್ಥ. ಯುಎಇ, ಮಲೇಷ್ಯಾ ಆ ಪಟ್ಟಿಯಲ್ಲಿವೆ. ಪ್ರವಾಸಕ್ಕೆ ಆ ಪರವಾನಗಿ ಬೇಡ. ಆದರೆ ವಿಮಾನ ನಿಲ್ದಾಣದಲ್ಲಿ ಕೇಳುತ್ತಾರೆ. ಅಂಥವರು ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್ ಕೈಯಲ್ಲೇ ಹಿಡಿದಿರಬೇಕು, ಮನೆಯವರ ಜೊತೆಯೇ ಸಾಲಿನಲ್ಲಿ ನಿಲ್ಲಬೇಕು.

ತಾಯಿ ಒಬ್ಬರೇ ಅಥವಾ ತಂದೆ ಒಬ್ಬರೇ ಮಕ್ಕಳನ್ನು ಕರೆದೊಯ್ಯುವುದಾದರೆ, ಇನ್ನೊಬ್ಬರ ಒಪ್ಪಿಗೆ ಪತ್ರವನ್ನು ನೋಟರಿ ಮಾಡಿಸಿ ಇಟ್ಟುಕೊಳ್ಳುವುದು ಒಳ್ಳೆಯದು.

3. ಎತ್ತರ ಅಳೆದು ಪಾರ್ಕ್ ಆರಿಸಿ

ಥೀಮ್ ಪಾರ್ಕಿನ ದೊಡ್ಡ ಆಟಗಳಿಗೆ ವಯಸ್ಸು ನೋಡುವುದಿಲ್ಲ, ಎತ್ತರ ನೋಡುತ್ತಾರೆ. ಸುರಕ್ಷಾ ಪಟ್ಟಿ ಮೈಗೆ ಸರಿಯಾಗಿ ಕೂರಬೇಕಲ್ಲ, ಅದಕ್ಕೆ. ಬಾಗಿಲಲ್ಲಿ ಅಳತೆ ಕೋಲು ಇರುತ್ತದೆ. ಒಂದು ಸೆಂಟಿಮೀಟರ್ ಕಡಿಮೆಯಿದ್ದರೂ ಬಿಡುವುದಿಲ್ಲ, ಬೇಡಿಕೊಂಡರೂ ಬಿಡುವುದಿಲ್ಲ. ಸಿಂಗಾಪುರದ ಯೂನಿವರ್ಸಲ್‌ನಲ್ಲಿ ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ ರೋಲರ್ ಕೋಸ್ಟರ್‌ಗೆ 125 ಸೆಂ.ಮೀ. ಬೇಕು. ಅಬುಧಾಬಿಯ ಫೆರಾರಿ ವರ್ಲ್ಡ್‌ನಲ್ಲಿರುವ ಫಾರ್ಮುಲಾ ರೋಸಾ ಗಂಟೆಗೆ 240 ಕಿ.ಮೀ. ವೇಗದ್ದು, ಅದಕ್ಕೆ 140 ಸೆಂ.ಮೀ. ಬೇಕು.

ನಮ್ಮ ಮನೆಯ ಹುಡುಗ ಎರಡು ಸೆಂಟಿಮೀಟರ್ ಕಡಿಮೆಯಾಗಿ ಬಾಗಿಲಲ್ಲಿ ನಿಂತು ಅತ್ತಿದ್ದು ನನಗೆ ಇವತ್ತಿಗೂ ಮರೆತಿಲ್ಲ. ಶೂ ಬಿಚ್ಚಿಸಿ ಅಳೆಯಿರಿ. ಆಯಾ ಪಾರ್ಕಿನ ತಾಣದಲ್ಲಿ ಪ್ರತಿ ಆಟದ ಎತ್ತರ ಬರೆದಿರುತ್ತಾರೆ. ನಿಮ್ಮ ಮಗು ಆಡಬಹುದಾದ ಆಟ ಎಷ್ಟು ಎಂದು ಎಣಿಸಿ. ಅರ್ಧಕ್ಕಿಂತ ಕಡಿಮೆಯಿದ್ದರೆ ಆ ಪಾರ್ಕ್ ಈ ವರ್ಷ ಬೇಡ.

ನನ್ನ ಅಭಿಪ್ರಾಯ ಕೇಳಿದರೆ ಹೀಗೆ. ಮಗು ಒಂದು ಮೀಟರಿಗಿಂತ ಕಡಿಮೆ ಎತ್ತರ ಇದ್ದರೆ ಹಾಂಗ್‌ಕಾಂಗ್ ಡಿಸ್ನಿಲ್ಯಾಂಡ್ ಒಳ್ಳೆಯದು. 2005ರಲ್ಲಿ ಶುರುವಾದ ಪಾರ್ಕ್. ಎಲ್ಲ ವಯಸ್ಸಿನವರೂ ಒಟ್ಟಿಗೆ ಕೂರುವ ಆಟಗಳು ಅಲ್ಲಿ ಜಾಸ್ತಿ. ವಿಮಾನ ನಿಲ್ದಾಣದ ಪಕ್ಕದ ಲಾಂಟೌ ದ್ವೀಪದಲ್ಲೇ ಇರುವುದರಿಂದ ಓಡಾಟವೂ ಕಡಿಮೆ. ಇಟ್ಟಿಗೆ ಜೋಡಿಸುವ ಆಟ ಇಷ್ಟಪಡುವ ನಾಲ್ಕರಿಂದ ಹತ್ತು ವರ್ಷದ ಮಕ್ಕಳಿಗೆ ಮಲೇಷ್ಯಾದ ಜೊಹೊರ್ ಬಾರುವಿನ ಲೆಗೋಲ್ಯಾಂಡ್, ಇಲ್ಲವೇ ದುಬೈನ ಲೆಗೋಲ್ಯಾಂಡ್. ಎಂಟು ದಾಟಿದ, ಧೈರ್ಯವಂತ ಮಕ್ಕಳಿಗೆ ಸಿಂಗಾಪುರ. ಹೈಸ್ಕೂಲ್ ಮಕ್ಕಳಿಗೆ ಫೆರಾರಿ ವರ್ಲ್ಡ್.

ಮುತ್ಯಾ, ಅಜ್ಜಿ ಜೊತೆಗಿದ್ದರೆ ಮಲೇಷ್ಯಾದ ಗೆಂಟಿಂಗ್ ನೋಡಿ. ಕ್ವಾಲಾಲಂಪುರದಿಂದ ಸುಮಾರು ಒಂದು ತಾಸು. ಸಮುದ್ರಮಟ್ಟದಿಂದ 1,800 ಮೀಟರ್ ಎತ್ತರದ ಗುಡ್ಡ. ಕೇಬಲ್ ಕಾರಿನಲ್ಲಿ ಹತ್ತಬಹುದು. ಮೋಡ ಕೈಗೆ ಹತ್ತುವಷ್ಟು ಹತ್ತಿರ ಇರುತ್ತದೆ. ಮಕ್ಕಳು 2022ರಲ್ಲಿ ತೆರೆದ ಗೆಂಟಿಂಗ್ ಸ್ಕೈವರ್ಲ್ಡ್ಸ್ ಪಾರ್ಕಿನಲ್ಲಿ ಆಡಲಿ, ಹಿರಿಯರು ತಂಪಿನಲ್ಲಿ ಕೂರಲಿ. ಮೇ ತಿಂಗಳ 42 ಡಿಗ್ರಿ ಬಿಟ್ಟು ಹೋದವರಿಗೆ ಅದೇ ದೊಡ್ಡ ಸುಖ. ಸ್ವೆಟರ್ ಮಾತ್ರ ಮರೆಯಬೇಡಿ.

ಒಂದು ಪ್ರವಾಸಕ್ಕೆ ಒಂದೇ ದೊಡ್ಡ ಪಾರ್ಕ್ ಸಾಕು, ಬಹಳ ಅಂದರೆ ಎರಡು. ಐದು ದಿನದಲ್ಲಿ ನಾಲ್ಕು ಪಾರ್ಕ್ ತುರುಕಿದರೆ ಮೂರನೇ ದಿನಕ್ಕೆ ಮಕ್ಕಳು ಹಟ ಹಿಡಿಯುತ್ತಾರೆ, ದೊಡ್ಡವರು ಜಗಳಕ್ಕೆ ನಿಲ್ಲುತ್ತಾರೆ.

4. ಮೊದಲು ಹೈದರಾಬಾದಿನಲ್ಲಿ ಒಂದು ದಿನ

ಲಕ್ಷಗಟ್ಟಲೆ ಖರ್ಚು ಮಾಡುವ ಮುನ್ನ ಒಂದು ಭಾನುವಾರ ಹೈದರಾಬಾದಿನ ವಂಡರ್‌ಲಾಗೆ ಹೋಗಿ ಬನ್ನಿ. 2016ರಲ್ಲಿ ತೆರೆದದ್ದು, ಹೊರವರ್ತುಲ ರಸ್ತೆಯ ಪಕ್ಕ ರಾವಿರ್ಯಾಲದಲ್ಲಿದೆ. ಮಗು ಸಾಲಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ, ಎತ್ತರಕ್ಕೆ ಹೆದರುತ್ತದೆಯೇ, ತಿರುಗುವ ಆಟದಲ್ಲಿ ವಾಂತಿ ಮಾಡಿಕೊಳ್ಳುತ್ತದೆಯೇ, ಎಲ್ಲ ಒಂದೇ ದಿನದಲ್ಲಿ ಗೊತ್ತಾಗುತ್ತದೆ. ರೋಲರ್ ಕೋಸ್ಟರ್ ನೋಡಿಯೇ ಅಳುವ ಮಗುವಿಗೆ ಫೆರಾರಿ ವರ್ಲ್ಡ್ ತೋರಿಸಿ ಏನು ಉಪಯೋಗ?

ದೊಡ್ಡವರಿಗೂ ಇದು ಪಾಠ. ನೀರಿನ ಆಟಕ್ಕೆ ಈಜುಡುಗೆಯ ಬಟ್ಟೆಯೇ ಬೇಕು, ಸೀರೆ ಅಥವಾ ಹತ್ತಿ ಚೂಡಿದಾರದಲ್ಲಿ ಇಳಿಯಲು ಬಿಡುವುದಿಲ್ಲ. ಹಾರಾಡುವ ಸೆರಗು, ದುಪಟ್ಟಾ ಹಾಕಿಕೊಂಡು ವೇಗದ ಆಟಕ್ಕೆ ಕೂರುವುದು ಅಪಾಯ. ಇದೆಲ್ಲ ಅಲ್ಲಿ ಹೋದ ಮೇಲೆ ಗೊತ್ತಾಗುವುದಕ್ಕಿಂತ ಇಲ್ಲಿಯೇ ಗೊತ್ತಾದರೆ ಒಳ್ಳೆಯದು.

5. ವಿಮಾನ: ಹೈದರಾಬಾದಿನಿಂದಲೇ ನೋಡಿ

ಸುಮ್ನೆ ಬೆಂಗಳೂರಿನ ಟಿಕೆಟ್ ಹುಡುಕಬೇಡಿ. ನಮಗೆ ಹತ್ತಿರದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಹೈದರಾಬಾದಿನ ಶಂಷಾಬಾದ್. ಬೀದರ್‌ನವರು ಜಹೀರಾಬಾದ್ ಮೇಲೆ ಬಂದು ಸಂಗಾರೆಡ್ಡಿ ದಾಟಿ ಹೊರವರ್ತುಲ ರಸ್ತೆ ಹಿಡಿದರೆ ಊರೊಳಗಿನ ಟ್ರಾಫಿಕ್ ತಪ್ಪುತ್ತದೆ. ಯಾದಗಿರಿಯವರು ನಾರಾಯಣಪೇಟೆ, ಮಹಬೂಬನಗರದ ಮೇಲೆ ಬಂದರೆ ಹೆದ್ದಾರಿ ನೇರ ಶಂಷಾಬಾದಿಗೇ ಮುಟ್ಟಿಸುತ್ತದೆ. ಕಲಬುರಗಿಯಿಂದ ಕಾರಿನಲ್ಲಿ ನಾಲ್ಕೂವರೆಯಿಂದ ಐದು ತಾಸು ಹಿಡಿಯಿರಿ. ರೈಲಿಗೆ ಬರುವವರಿಗೆ ನಗರದಿಂದ ನಿಲ್ದಾಣಕ್ಕೆ 'ಪುಷ್ಪಕ್' ಬಸ್ಸುಗಳಿವೆ. ಆದರೆ ರೈಲು ತಡವಾದರೆ ವಿಮಾನ ಕಾಯುವುದಿಲ್ಲ. ಕನಿಷ್ಠ ಆರು ತಾಸು ಅಂತರ ಇಟ್ಟುಕೊಳ್ಳಿ.

ಸಿಂಗಾಪುರ, ಕ್ವಾಲಾಲಂಪುರ, ದುಬೈ, ಅಬುಧಾಬಿಗೆ ಹೈದರಾಬಾದಿನಿಂದ ನೇರ ವಿಮಾನಗಳಿವೆ. ಹೆಚ್ಚುಕಡಿಮೆ ನಾಲ್ಕರಿಂದ ನಾಲ್ಕೂವರೆ ತಾಸು. ಮಕ್ಕಳಿದ್ದರೆ ಸ್ವಲ್ಪ ಜಾಸ್ತಿ ದುಡ್ಡಾದರೂ ನೇರ ವಿಮಾನವೇ ಇರಲಿ.

ಬಹಳ ಜನ ಎಡವುವ ಜಾಗ ಒಂದಿದೆ. ಈ ವಿಮಾನಗಳು ಹೆಚ್ಚಾಗಿ ನಡುರಾತ್ರಿ ದಾಟಿದ ಮೇಲೆ ಹೊರಡುತ್ತವೆ. ಟಿಕೆಟಿನಲ್ಲಿ 'ಮೇ 12, 00.45' ಎಂದಿದ್ದರೆ ನೀವು ಮನೆ ಬಿಡಬೇಕಾದ್ದು ಮೇ 11ರ ಮಧ್ಯಾಹ್ನ. ಮೂರು ತಾಸು ಮುಂಚೆ ನಿಲ್ದಾಣದಲ್ಲಿರಬೇಕು. 12ರ ರಾತ್ರಿ ಹೋಗಿ ನಿಂತರೆ ವಿಮಾನ ಹೋಗಿ ಒಂದು ದಿನ ಆಗಿರುತ್ತದೆ.

ಎರಡು ವರ್ಷದೊಳಗಿನ ಮಗುವಿಗೆ ಬೇರೆ ಸೀಟ್ ಬೇಡ, ಮಡಿಲಲ್ಲಿ ಕೂರಿಸಬಹುದು. ಪ್ರವಾಸದ ನಡುವೆ ಎರಡು ತುಂಬಿದರೆ ವಾಪಸ್ ಬರುವಾಗ ಸೀಟ್ ಬೇಕು. ಟಿಕೆಟಿನ ಹೆಸರು ಪಾಸ್‌ಪೋರ್ಟಿನಂತೆಯೇ, ಅಕ್ಷರ ಅಕ್ಷರ ಸರಿಯಾಗಿರಲಿ. ಶಾಕಾಹಾರಿಗಳು ವಿಮಾನದ ಊಟವನ್ನು ಮೊದಲೇ ಗುರುತು ಮಾಡಬೇಕು. 'ಎವಿಎಂಎಲ್' ಎಂಬ ಸಂಕೇತಕ್ಕೆ ಭಾರತೀಯ ಶೈಲಿಯ ಶಾಕಾಹಾರ ಎಂದರ್ಥ.

6. ವೀಸಾ

ದೇಶಕ್ಕೊಂದು ನಿಯಮ. ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನದ ಪ್ರವಾಸಕ್ಕೆ ವೀಸಾ ಬೇಡ ಎಂದಿದೆ. ಈ ಸೌಲಭ್ಯ 2026ರ ಡಿಸೆಂಬರ್ 31ರವರೆಗೆ ಎಂದು ಪ್ರಕಟಿಸಿದೆ. ಹಾಂಗ್‌ಕಾಂಗಿಗೆ ವೀಸಾ ಬದಲು ಆನ್‌ಲೈನ್‌ನಲ್ಲಿ ಉಚಿತವಾಗಿ ಮುಂಗಡ ನೋಂದಣಿ ಮಾಡಿಸಬೇಕು. ಅದರ ಮೇಲೆ ಒಂದು ಸಲಕ್ಕೆ 14 ದಿನ ಇರಬಹುದು. ಮಗುವಿಗೂ ಬೇರೆಯಾಗಿ ಮಾಡಿಸಬೇಕು. ಸಿಂಗಾಪುರ, ಯುಎಇ, ಜಪಾನಿಗೆ ವೀಸಾ ಬೇಕೇ ಬೇಕು. ಸಿಂಗಾಪುರದ್ದನ್ನು ಅಧಿಕೃತ ಏಜೆಂಟರ ಮೂಲಕ ಹಾಕಬೇಕು. ಸರ್ಕಾರದ ಶುಲ್ಕ 30 ಸಿಂಗಾಪುರ ಡಾಲರ್, ಏಜೆಂಟರ ಕೂಲಿ ಬೇರೆ. ನಿಯಮಗಳು ಬದಲಾಗುತ್ತಲೇ ಇರುತ್ತವೆ. ಟಿಕೆಟ್ ದುಡ್ಡು ಕಟ್ಟುವ ಮುನ್ನ ಆಯಾ ದೇಶದ ಸರ್ಕಾರಿ ತಾಣವನ್ನು ಒಮ್ಮೆ ನೋಡಿ.

ಸಿಂಗಾಪುರಕ್ಕೂ ಮಲೇಷ್ಯಾಕ್ಕೂ ಹೋಗುವ ಮೂರು ದಿನದೊಳಗೆ ಆಗಮನದ ಚೀಟಿಯನ್ನು ಆನ್‌ಲೈನ್‌ನಲ್ಲಿ ತುಂಬಬೇಕು. ಇದು ಪೂರ್ತಿ ಉಚಿತ. ದುಡ್ಡು ಕೇಳುವ ತಾಣ ಕಂಡರೆ ಅದು ಸರ್ಕಾರದ್ದಲ್ಲ ಎಂದೇ ತಿಳಿಯಿರಿ.

ಸಿಂಗಾಪುರದಲ್ಲಿ ಇಳಿದು, ಸೇತುವೆ ದಾಟಿ ಮಲೇಷ್ಯಾದ ಲೆಗೋಲ್ಯಾಂಡಿಗೆ ಹೋಗಿ, ಮತ್ತೆ ಸಿಂಗಾಪುರಕ್ಕೇ ಬಂದು ವಿಮಾನ ಹತ್ತುವ ಯೋಚನೆ ಇದ್ದರೆ ಸಿಂಗಾಪುರದ ವೀಸಾ 'ಮಲ್ಟಿಪಲ್ ಎಂಟ್ರಿ', ಅಂದರೆ ಹಲವು ಸಲ ಒಳಬರಲು ಅನುಮತಿ ಇರುವಂಥದ್ದು ಆಗಿರಬೇಕು. ಕೈಗೆ ಬಂದ ವೀಸಾದಲ್ಲಿ ಅದನ್ನು ಓದಿ ಖಾತ್ರಿ ಮಾಡಿಕೊಳ್ಳಿ.

7. ದುಡ್ಡಿನ ಲೆಕ್ಕ

ಪ್ಯಾಕೇಜ್ ತಗೊಳ್ಳುವುದೋ, ಸ್ವಂತ ಬುಕ್ ಮಾಡುವುದೋ? ಮೊದಲ ಸಲ ಹೋಗುವವರಿಗೆ, ಹಿರಿಯರು ಜೊತೆಗಿರುವವರಿಗೆ ಪ್ಯಾಕೇಜ್ ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ಬಾಯಿಮಾತು ನಂಬಬೇಡಿ. ಹೋಟೆಲಿನ ಹೆಸರು, ಪಾರ್ಕ್ ಟಿಕೆಟ್ ಸೇರಿದೆಯೇ, ಎಕ್ಸ್‌ಪ್ರೆಸ್ ಪಾಸ್ (ಬೇರೆ ಸಾಲಿನಲ್ಲಿ ಬೇಗ ಬಿಡುವ ಪಾಸ್) ಸೇರಿದೆಯೇ, ವೀಸಾ ಸೇರಿದೆಯೇ, ಜಿಎಸ್‌ಟಿ ಸೇರಿದೆಯೇ, ರದ್ದು ಮಾಡಿದರೆ ಎಷ್ಟು ವಾಪಸ್, ಎಲ್ಲವನ್ನೂ ಬರೆಸಿಕೊಳ್ಳಿ. 'ಚೈಲ್ಡ್ ವಿದೌಟ್ ಬೆಡ್' ಎಂದು ಬರೆದಿದ್ದರೆ ಮಗುವಿಗೆ ಬೇರೆ ಹಾಸಿಗೆ ಇಲ್ಲ, ನಿಮ್ಮ ಮಂಚದಲ್ಲೇ ಮಲಗಬೇಕು ಎಂದರ್ಥ. ಪಾರ್ಕಿಗೆ ಇಟ್ಟ ದಿನ 'ಅರ್ಧ ದಿನ' ಎಂದಿದ್ದರೆ ಅಂಥ ಪ್ಯಾಕೇಜ್ ಬಿಟ್ಟುಬಿಡಿ.

ವಿದೇಶ ಪ್ಯಾಕೇಜಿನ ಮೇಲೆ 'ಟಿಸಿಎಸ್' ಎಂದು ಸ್ವಲ್ಪ ದುಡ್ಡು ಹಿಡಿಯುತ್ತಾರೆ. ಇದು ಮೂಲದಲ್ಲೇ ಸಂಗ್ರಹಿಸುವ ತೆರಿಗೆ. ಏಜೆಂಟರ ಲಾಭ ಅಲ್ಲ, ನಿಮ್ಮ ಪ್ಯಾನ್ ಹೆಸರಿನಲ್ಲಿ ಜಮೆ ಆಗುತ್ತದೆ. ಆದಾಯ ತೆರಿಗೆ ರಿಟರ್ನ್ ಹಾಕುವಾಗ ಹೊಂದಿಸಿಕೊಳ್ಳಬಹುದು, ಹೆಚ್ಚಿದ್ದರೆ ವಾಪಸ್ ಬರುತ್ತದೆ. ಹಾಗಾಗಿ ಮನೆಯಲ್ಲಿ ಯಾರು ರಿಟರ್ನ್ ಹಾಕುತ್ತಾರೋ ಅವರ ಪ್ಯಾನ್ ಮೇಲೆಯೇ ಬುಕ್ ಮಾಡಿ. ರಸೀದಿ ಎತ್ತಿಡಿ.

ಪಾರ್ಕ್ ಟಿಕೆಟಿನ ಮಕ್ಕಳ ದರ ಎಲ್ಲ ಕಡೆ ಒಂದೇ ಅಲ್ಲ. ಸಿಂಗಾಪುರದ ಯೂನಿವರ್ಸಲ್‌ನಲ್ಲಿ 4ರಿಂದ 12 ವರ್ಷದವರಿಗೆ ಮಕ್ಕಳ ಟಿಕೆಟ್. ಹಾಂಗ್‌ಕಾಂಗ್ ಡಿಸ್ನಿಯಲ್ಲಿ 3ರಿಂದ 11. ಅದಕ್ಕಿಂತ ಚಿಕ್ಕವರಿಗೆ ಟಿಕೆಟ್ ಬೇಡ.

ಬ್ಯಾಂಕ್ ಕಾರ್ಡಿನಲ್ಲಿ ವಿದೇಶದ ಬಳಕೆ ಮುಚ್ಚಿರುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ನೀವೇ ತೆರೆಯಬೇಕು. ಇಲ್ಲಿಂದ ಹೊರಡುವ ಮುಂಚೆ ತೆರೆಯಿರಿ. ಒಟಿಪಿ ಬರಲು ನಿಮ್ಮ ಸಿಮ್‌ನ ರೋಮಿಂಗ್ ಚಾಲೂ ಇರಬೇಕು, ಅದನ್ನೂ ಇಲ್ಲಿಯೇ ಮಾಡಿಸಿ. ಅಂಗಡಿಯ ಯಂತ್ರ "ರೂಪಾಯಿಯಲ್ಲಿ ಕೊಡುತ್ತೀರಾ, ಇಲ್ಲಿನ ದುಡ್ಡಿನಲ್ಲಿ ಕೊಡುತ್ತೀರಾ" ಎಂದು ಕೇಳಿದರೆ ಅಲ್ಲಿನ ದುಡ್ಡನ್ನೇ ಒತ್ತಿ. ರೂಪಾಯಿ ಒತ್ತಿದರೆ ಅವರು ಹೇಳಿದ ದರಕ್ಕೇ ತಲೆಬಾಗಬೇಕು, ಅದು ಸಾಮಾನ್ಯವಾಗಿ ದುಬಾರಿ. ಸ್ವಲ್ಪ ನಗದು ಮಾತ್ರ ಬ್ಯಾಂಕಿನಲ್ಲೋ ಅಧಿಕೃತ ವಿನಿಮಯ ಕೇಂದ್ರದಲ್ಲೋ ತಗೊಳ್ಳಿ.

ಪ್ರಯಾಣ ವಿಮೆ ಬಿಡಬೇಡಿ. ವಿದೇಶದ ಒಂದು ರಾತ್ರಿ ಆಸ್ಪತ್ರೆಯ ಬಿಲ್ಲು ಇಡೀ ಪ್ರವಾಸದ ಖರ್ಚನ್ನು ದಾಟಬಹುದು. ಹಿರಿಯರಿಗೆ ಬಿಪಿ, ಸಕ್ಕರೆ ಕಾಯಿಲೆ ಇದ್ದರೆ ಅದನ್ನು ಮುಚ್ಚಿಡದೆ ಬರೆಸಿ.

8. ಬುತ್ತಿ ಮತ್ತು ಔಷಧ

ಪ್ರವಾಸ ಅಂದರೆ ನಮ್ಮವರಿಗೆ ಬುತ್ತಿ ಬೇಕೇ ಬೇಕು. ಅದರಲ್ಲಿ ತಪ್ಪೇನಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಚೂಡಾ, ಶೇಂಗಾ ಹೋಳಿಗೆ ಚೆಕ್-ಇನ್ ಬ್ಯಾಗಿನಲ್ಲಿ ಚೆನ್ನಾಗಿ ಪ್ಯಾಕ್ ಮಾಡಿ ಒಯ್ಯಬಹುದು. ರೊಟ್ಟಿ ಪುಡಿಯಾಗದಂತೆ ಸ್ಟೀಲ್ ಡಬ್ಬಿಯಲ್ಲಿಡಿ. ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ಅಲ್ಲಿ 100 ಮಿಲಿಲೀಟರ್ ದಾಟಿದ ದ್ರವ ಬಿಡುವುದಿಲ್ಲ. ಪವರ್ ಬ್ಯಾಂಕ್ ಇದಕ್ಕೆ ಉಲ್ಟಾ, ಅದು ಕೈಚೀಲದಲ್ಲೇ ಇರಬೇಕು.

ಆದರೆ ಒಂದು ಎಚ್ಚರಿಕೆಯನ್ನು ಅಡುಗೆಮನೆಯ ತನಕ ಮುಟ್ಟಿಸಿ. ಗಸಗಸೆ ಯುಎಇಯಲ್ಲೂ ಸಿಂಗಾಪುರದಲ್ಲೂ ನಿಷಿದ್ಧ. ಅಫೀಮಿನ ಗಿಡದ ಬೀಜ ಎಂಬ ಕಾರಣಕ್ಕೆ ಅದನ್ನು ಮಾದಕ ವಸ್ತುವಿನ ಕಾನೂನಿನಲ್ಲಿ ಹಿಡಿಯುತ್ತಾರೆ. ನಮ್ಮಲ್ಲಿ ಕರ್ಚಿಕಾಯಿ ಹೂರಣಕ್ಕೆ, ಉಂಡಿಗೆ, ಮಸಾಲೆಗೆ ಗಸಗಸೆ ಹಾಕುವ ರೂಢಿ ಇದೆ. ಯಾರೋ ನೆಂಟರು "ಅಲ್ಲಿರೋ ನಮ್ಮ ಹುಡುಗನಿಗೆ ಇದೊಂದು ಡಬ್ಬಿ ಕೊಡ್ರಿ" ಎಂದು ಕೊಟ್ಟರೆ, ತೆರೆದು ನೋಡದೆ ತಗೊಳ್ಳಬೇಡಿ. ಎಷ್ಟೇ ಹತ್ತಿರದವರಾಗಲಿ.

ಒಣ ಕೊಬ್ಬರಿ ಗಿಟುಕು ಕೂಡ ಚೆಕ್-ಇನ್ ಬ್ಯಾಗಿನಲ್ಲಿ ಬಿಡುವುದಿಲ್ಲ. ಎಣ್ಣೆಯ ಅಂಶ ಜಾಸ್ತಿ, ಬೆಂಕಿ ಹಿಡಿಯುವ ಅಪಾಯ ಇದೆ. ಸಿಂಗಾಪುರಕ್ಕೆ ಚೂಯಿಂಗ್ ಗಮ್, ಗುಟ್ಕಾ, ಅಗಿಯುವ ತಂಬಾಕು ಒಯ್ಯಬಾರದು. ಮಾಂಸದ ಅಡುಗೆಯೂ ಬೇಡ.

ಔಷಧದಲ್ಲೂ ಹೀಗೆಯೇ. ನಮ್ಮಲ್ಲಿ ಸುಲಭವಾಗಿ ಸಿಗುವ ಕೆಲವು ಕೆಮ್ಮಿನ ಔಷಧಗಳಲ್ಲಿ ಕೊಡೀನ್ ಇರುತ್ತದೆ. ಟ್ರಮಡಾಲ್ ಎಂಬ ನೋವಿನ ಗುಳಿಗೆ ಇನ್ನೊಂದು. ಎರಡೂ ಯುಎಇಯಲ್ಲಿ ಅನುಮತಿ ಇಲ್ಲದೆ ಒಯ್ಯಬಾರದ ಔಷಧಗಳು. ಡಾಕ್ಟರ ಚೀಟಿಯನ್ನು ಇಂಗ್ಲಿಷಿನಲ್ಲಿ ಬರೆಸಿಕೊಂಡು, ಗುಳಿಗೆಗಳನ್ನು ಅವು ಬಂದ ಪ್ಯಾಕಿನಲ್ಲೇ ಒಯ್ಯಿರಿ.

ಅಲ್ಲಿನ ಊಟದ ಬಗ್ಗೆ ಹೆದರಬೇಡಿ. ಸಿಂಗಾಪುರದ ಲಿಟಲ್ ಇಂಡಿಯಾದಲ್ಲಿ ಸೆರಂಗೂನ್ ರಸ್ತೆಯುದ್ದಕ್ಕೂ ಶಾಕಾಹಾರಿ ಊಟ ಸಿಗುತ್ತದೆ. ದುಬೈನಲ್ಲಿ ಕರಾಮಾ, ಬರ್ ದುಬೈ ಕಡೆ ಹೋಗಿ. ಬೇರೆ ಕಡೆ 'ತರಕಾರಿ ನೂಡಲ್ಸ್' ಎಂದು ಬರೆದಿದ್ದರೂ ಮೀನಿನ ಸಾಸ್ ಹಾಕಿರುತ್ತಾರೆ. ಸುಮ್ನೆ 'ವೆಜ್' ಅಂದರೆ ಸಾಲದು. ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ ಎಂದು ಒಂದೊಂದೇ ಹೇಳಿ.

9. ಪಾರ್ಕಿನ ದಿನ

ಬಾಗಿಲು ತೆರೆಯುವ ಅರ್ಧ ತಾಸು ಮುಂಚೆ ಹೋಗಿ ನಿಲ್ಲಿ. ಮೊದಲ ಎರಡು ತಾಸಿನಲ್ಲಿ ಆಗುವಷ್ಟು ಆಟ ಮಧ್ಯಾಹ್ನದ ನಾಲ್ಕು ತಾಸಿನಲ್ಲಿ ಆಗುವುದಿಲ್ಲ. ಎಲ್ಲರೂ ಬಾಗಿಲ ಹತ್ತಿರದ ಆಟಕ್ಕೆ ಮುಗಿಬೀಳುತ್ತಾರೆ. ನೀವು ನೇರ ಒಳಗಿನ ತುದಿಗೆ ನಡೆಯಿರಿ. ಪಾರ್ಕಿನ ಆ್ಯಪ್‌ನಲ್ಲಿ ಯಾವ ಆಟಕ್ಕೆ ಎಷ್ಟು ನಿಮಿಷ ಕಾಯಬೇಕು ಎಂದು ತೋರಿಸುತ್ತದೆ.

ಮಲೇಷ್ಯಾ, ಸಿಂಗಾಪುರದಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಸಾಮಾನ್ಯ. ಮಿಂಚು ಕಂಡರೆ ಹೊರಗಿನ ಆಟ ನಿಲ್ಲಿಸುತ್ತಾರೆ. ಬೆಳಿಗ್ಗೆ ಹೊರಗಿನವು, ಮಧ್ಯಾಹ್ನ ಒಳಗಿನವು.

ಎಕ್ಸ್‌ಪ್ರೆಸ್ ಪಾಸ್ ಎಂದರೆ ಹೆಚ್ಚಿನ ದುಡ್ಡು ಕೊಟ್ಟು ಬೇರೆ ಸಾಲಿನಲ್ಲಿ ಬೇಗ ಹೋಗುವುದು. ಕೆಲವು ದಿನ ಅದರ ಬೆಲೆ ಟಿಕೆಟಿಗಿಂತಲೂ ಜಾಸ್ತಿ. ವಾರದ ನಡುವಿನ ದಿನಕ್ಕೆ ಬೇಕಾಗಿಲ್ಲ. ಶನಿವಾರ, ಭಾನುವಾರವೇ ಹೋಗಬೇಕಾಗಿ ಬಂದರೆ ಮಾತ್ರ ಯೋಚಿಸಿ. ಇನ್ನು ಚಿಕ್ಕ ಮಗು ಇರುವ ತಂದೆ ತಾಯಿಗೆ ಬಹಳ ಪಾರ್ಕುಗಳಲ್ಲಿ ಒಂದು ಅನುಕೂಲ ಇದೆ. ಒಬ್ಬರು ಆಟಕ್ಕೆ ಹೋಗಿ ಬರುವ ತನಕ ಇನ್ನೊಬ್ಬರು ಮಗುವನ್ನು ಹಿಡಿದು ಕೂರುವುದು, ಆಮೇಲೆ ಮತ್ತೆ ಸಾಲು ನಿಲ್ಲದೆ ಇವರು ಹೋಗುವುದು. ಕೇಳಿದರೆ ಮಾತ್ರ ಕೊಡುತ್ತಾರೆ, ಹಾಗಾಗಿ ಸಾಲು ಹಿಡಿಯುವ ಮುಂಚೆಯೇ ಅಲ್ಲಿನ ಸಿಬ್ಬಂದಿಯನ್ನು ಕೇಳಿ.

ಪ್ರತಿ ಮಗುವಿನ ಜೇಬಿನಲ್ಲಿ ಅದರ ಹೆಸರು, ಹೋಟೆಲಿನ ಹೆಸರು, ನಿಮ್ಮ ಮೊಬೈಲ್ ನಂಬರ್ +91 ಸೇರಿಸಿ ಬರೆದ ಚೀಟಿ ಇರಲಿ. ಬೆಳಿಗ್ಗೆ ಎಲ್ಲರದೂ ಒಂದು ಫೋಟೋ ತೆಗೆಯಿರಿ. ಮಗು ಕೈತಪ್ಪಿದರೆ ಅವತ್ತು ಯಾವ ಬಣ್ಣದ ಅಂಗಿ ಹಾಕಿತ್ತು ಎಂದು ಆ ಗಾಬರಿಯಲ್ಲಿ ನೆನಪಾಗುವುದಿಲ್ಲ. "ತಪ್ಪಿಸಿಕೊಂಡರೆ ನಿಂತಲ್ಲೇ ನಿಲ್ಲು, ಪಾರ್ಕಿನ ಯೂನಿಫಾರ್ಮ್ ಹಾಕಿದವರಿಗೆ ಚೀಟಿ ತೋರಿಸು" ಎಂದು ಮಗುವಿಗೆ ಎರಡು ಸಲ ಹೇಳಿಸಿ ರೂಢಿ ಮಾಡಿಸಿ.

ನಡಿಗೆ ಬಹಳ ಇರುತ್ತದೆ. ಹೊಸ ಶೂ ಬೇಡ, ಹಳೆಯವೇ ಒಳ್ಳೆಯವು. ಮೊಣಕಾಲು ನೋವಿರುವ ಹಿರಿಯರಿಗೆ ಗಾಲಿಕುರ್ಚಿ, ಚಿಕ್ಕ ಮಕ್ಕಳಿಗೆ ತಳ್ಳುಗಾಡಿ ಪಾರ್ಕಿನಲ್ಲೇ ಬಾಡಿಗೆಗೆ ಸಿಗುತ್ತವೆ. ನಾಚಿಕೆ ಪಡದೆ ತಗೊಳ್ಳಿ. ಪಾರ್ಕಿನ ಮರುದಿನ ಏನೂ ಇಟ್ಟುಕೊಳ್ಳಬೇಡಿ. ಮಕ್ಕಳು ಹೋಟೆಲಿನ ಈಜುಕೊಳದಲ್ಲಿ ಆಡಲಿ, ನೀವು ಮಲಗಿ.

10. ವಾಪಸ್ ಬರುವಾಗ

ಶಾಲೆ ಶುರುವಾಗುವ ಹಿಂದಿನ ದಿನ ಬಂದಿಳಿಯುವ ಹಾಗೆ ಟಿಕೆಟ್ ಮಾಡಬೇಡಿ. ಮೂರು ದಿನವಾದರೂ ನಡುವೆ ಇರಲಿ. ಸಿಂಗಾಪುರ, ಹಾಂಗ್‌ಕಾಂಗ್ ಸಮಯ ನಮಗಿಂತ ಎರಡೂವರೆ ತಾಸು ಮುಂದೆ, ದುಬೈ ಒಂದೂವರೆ ತಾಸು ಹಿಂದೆ. ಮಕ್ಕಳ ನಿದ್ದೆ ಸರಿಹೋಗಲು ಅಷ್ಟು ದಿನ ಬೇಕು.

ವಿಮಾನ ಹೈದರಾಬಾದಿನಲ್ಲಿ ಬೆಳಗಿನ ಜಾವ ಇಳಿಯುವುದಾದರೆ, ರಾತ್ರಿಯಿಡೀ ನಿದ್ದೆಗೆಟ್ಟು ನೀವೇ ಕಾರು ಓಡಿಸಿಕೊಂಡು ಹುಮನಾಬಾದ್ ದಾರಿ ಹಿಡಿಯಬೇಡಿ. ಊರಿನಿಂದ ಡ್ರೈವರ್ ಕರೆಸಿಕೊಳ್ಳಿ, ಇಲ್ಲವೇ ಅಲ್ಲೇ ರೂಮ್ ಮಾಡಿ ಮಧ್ಯಾಹ್ನದ ತನಕ ಮಲಗಿ ಹೊರಡಿ. ಡ್ರೈವರ್‌ಗೆ ವಿಮಾನ ಇಳಿಯುವ ಹೊತ್ತು ಹೇಳಬೇಡಿ, ಅದಕ್ಕಿಂತ ಒಂದೂವರೆ ತಾಸು ತಡವಾಗಿ ಬರಲು ಹೇಳಿ. ಪಾಸ್‌ಪೋರ್ಟಿಗೆ ಮುದ್ರೆ ಬಿದ್ದು, ಬ್ಯಾಗು ಬಂದು, ಮಕ್ಕಳು ಶೌಚಕ್ಕೆ ಹೋಗಿ ಬರಲು ಅಷ್ಟಾದರೂ ಹೊತ್ತು ಬೇಕು.